ರಣ್‌ನ ಕೆಸರಿನಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಕೈಕೊಟ್ಟಾಗ

ಪುಣೆಯ ನಮ್ಮ ಗೆಳೆಯರ ಬಳಗದಲ್ಲಿ ಹೆಚ್ಚಿನವರು ಚಾಕಣ್, ಭೋಸರಿಗಳ ಕಾರ್ಖಾನೆಗಳಲ್ಲಿ ದುಡಿಯುವ ಗದಗ, ವಿಜಯಪುರ, ಧಾರವಾಡ ಕಡೆಯವರು. ಎರೆಹೊಲದ ಕೆಸರಿನಲ್ಲಿ ಚಕ್ಕಡಿ ಹೂತದ್ದನ್ನು ಕಂಡು ಬೆಳೆದ ನಮಗೆ, ಗುಜರಾತಿನ ಉಪ್ಪುಬಯಲಾದ ಕಛ್‌ನ ಚಿಕ್ಕ ರಣ್‌ಗೆ ಮೊದಲ ಸಲ ಜೀಪು ಇಳಿಸಿದಾಗ ಯಾವ ಅಳುಕೂ ಇರಲಿಲ್ಲ. ಆದರೆ ಎರೆಮಣ್ಣು ತನ್ನ ತೇವವನ್ನು ಮುಚ್ಚಿಡುವುದಿಲ್ಲ, ರಣ್ ಮುಚ್ಚಿಡುತ್ತದೆ. ಮಳೆಗಾಲದಲ್ಲಿ ನದಿಗಳ ನೀರೂ ಕೊಲ್ಲಿಯಿಂದ ಏರಿಬರುವ ಉಪ್ಪುನೀರೂ ಸೇರಿ ನಿಲ್ಲುವ ಈ ಬಯಲು ಅಕ್ಟೋಬರಿನಿಂದ ಮೇಲ್ಮೈಯಲ್ಲಿ ಒಣಗುತ್ತ ಬಂದು ಹಪ್ಪಳದಂತೆ ಬಿರಿಯುತ್ತದೆ. ಆ ಹಪ್ಪಳದ ಕೆಳಗೆ ತಿಂಗಳುಗಟ್ಟಲೆ ಹಸಿ ಜೇಡಿ ಹಾಗೆಯೇ ಉಳಿದಿರುತ್ತದೆ. ಅಲ್ಲಿ ಗಾಡಿ ಕೆಡುವುದಕ್ಕೆ ಬಹುಪಾಲು ಕಾರಣ ಯಂತ್ರವಲ್ಲ, ಸಿಕ್ಕಿಕೊಂಡ ಮೊದಲ ಒಂದು ನಿಮಿಷದಲ್ಲಿ ಚಾಲಕನ ಬಲಗಾಲು ಮಾಡುವ ಕೆಲಸ ಎಂಬುದು ನನ್ನ ಅನುಭವ.

ಹೊರಡುವ ಮುನ್ನ ಮಾಡಬೇಕಾದದ್ದು ಹೆಚ್ಚಿಲ್ಲ. ಚಿಕ್ಕ ರಣ್‌ನ ಬಹುಭಾಗ ಸುಮಾರು 5000 ಚದರ ಕಿಲೋಮೀಟರ್ ವ್ಯಾಪ್ತಿಯ ಕಾಡುಕತ್ತೆಗಳ ಅಭಯಾರಣ್ಯವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಅದು ಮುಚ್ಚಿರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಜಾಗಗಳಿವೆಯೆಂದು ಸ್ಯಾಟಲೈಟ್ ಫೋನ್ ಒಯ್ಯುವ ಯೋಚನೆ ಬೇಡ, ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಅದರ ಬದಲು ಎರಡು ಗಾಡಿಗಳಲ್ಲಿ ಹೋಗಿ, ಯಾವ ದಾರಿ ಹಿಡಿಯುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಅಂಚಿನ ಊರಿನಲ್ಲಿ ಯಾರಿಗಾದರೂ ಹೇಳಿ ಹೊರಡಿ. ಕುಡಿಯುವ ನೀರು ತಲೆಗೆ ದಿನಕ್ಕೆ 5 ಲೀಟರ್ ಇರಲಿ, ರೇಡಿಯೇಟರಿಗೆ ಬೇರೆ ಕ್ಯಾನ್ ಇರಲಿ. ಉದ್ದ ಹಿಡಿಯ ಸಲಿಕೆ, ಎರಡಡಿ ಉದ್ದದ ದಪ್ಪ ಹಲಗೆ, ಗಾಳಿ ತುಂಬುವ ಕಂಪ್ರೆಸರ್, ಎಳೆಯುವ ಹಗ್ಗ, ಹಗ್ಗವನ್ನು ಕೊಕ್ಕೆಗೆ ಜೋಡಿಸುವ ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ), ಒಂದು ಡೀಸೆಲ್ ಫಿಲ್ಟರ್, ಫ್ಯೂಸುಗಳು, ಪಾನಾಗಳು, ಇಷ್ಟನ್ನು ಬಿಟ್ಟು ಹೋಗಬಾರದು.

ಚಕ್ರದ ಕೆಳಗೆ ನೆಲ ಮೆತ್ತಗಾಗುತ್ತಿದೆ ಎಂದು ಸ್ಟಿಯರಿಂಗಿಗೆ ತಿಳಿದ ಕೂಡಲೇ, ಇನ್ನೂ ಗಟ್ಟಿ ನೆಲದ ಮೇಲಿದ್ದರೆ ನಿಲ್ಲಿಸಿ, ಇಳಿದು, ಮುಂದಿನ ಐವತ್ತು ಹೆಜ್ಜೆ ನಡೆದು ನೋಡಬೇಕು. ಹಿಮ್ಮಡಿ ಒತ್ತಿದಾಗ ಒಳಗೆ ಇಳಿದರೆ ಅಲ್ಲಿ ಗಾಡಿಯನ್ನು ಇಳಿಸಬಾರದು. ಬಣ್ಣ ಕಡುವಾಗಿರುವ ತಾಣಗಳು ಸಾಮಾನ್ಯವಾಗಿ ಹಸಿ. ಬೇಟ್ ಎಂದು ಅಲ್ಲಿನವರು ಕರೆಯುವ ಎತ್ತರದ ದಿಬ್ಬಗಳು ಗಟ್ಟಿ. ಉಪ್ಪು ಬೆಳೆಯುವ ಅಗರಿಯಾ ಜನರ ವಾಹನಗಳು ಈಚೆಗೆ ಓಡಾಡಿದ ಜಾಡನ್ನು ನಂಬಬಹುದು, ಆದರೆ ಜಾಡಿನ ಮೇಲೆ ಒಂದು ಮಳೆ ಬಿದ್ದಿದ್ದರೂ ಆ ನಂಬಿಕೆ ಮುಗಿಯಿತು.

ಹೂತೇಹೋದರೆ ವೇಗವರ್ಧಕದಿಂದ ಕಾಲು ತೆಗೆಯಿರಿ. ನಮ್ಮ ಜೀಪು ಸಿಕ್ಕಿಕೊಂಡಾಗ ಹಿಂದೆ ಕುಳಿತ ಗೆಳೆಯರೊಬ್ಬರು “ಇನ್ನೊಂದ್ ಚೂರು ರೇಸ್ ಕೊಡ್ರೀ, ಬರ್ತೈತಿ” ಎಂದರು, ನಾನೂ ಕೊಟ್ಟೆ. ಅರ್ಧ ಚಕ್ರ ಮುಳುಗಿದ್ದ ಗಾಡಿ ಹೊಟ್ಟೆ ಊರಿ ಕುಳಿತಿತು, ಕ್ಲಚ್ ಸುಟ್ಟ ವಾಸನೆ ಬಂದಿತು, ಹತ್ತು ನಿಮಿಷದ ಕೆಲಸ ನಾಲ್ಕು ಗಂಟೆಯದಾಯಿತು. ಹಾಗೆ ವಾಸನೆ ಬಂದರೆ ಅರ್ಧ ಗಂಟೆ ಕ್ಲಚ್ಚನ್ನು ಮುಟ್ಟದೆ ಆರಲು ಬಿಡಬೇಕು, ಬಳಿಕ 4ಎಲ್‌ನಲ್ಲಿ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ಮಾತ್ರ ಪ್ರಯತ್ನಿಸಬೇಕು; 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಮಾಮೂಲಿ ವೇಗದ ಗೇರು) ಕ್ಲಚ್ ಜಾರಿಸಿ ಎಳೆಯಹೋದರೆ ಪ್ಲೇಟು ಅಲ್ಲೇ ಮುಗಿಯುತ್ತದೆ.

ಮುಂದಿನ ಹೆಜ್ಜೆ, ನಾಲ್ಕು ಚಕ್ರಕ್ಕೂ ನಿಜವಾಗಿ ಶಕ್ತಿ ಹೋಗುತ್ತಿದೆಯೇ ಎಂದು ನೋಡುವುದು. ಒಬ್ಬರು ಹೊರಗೆ ದೂರ ನಿಂತು ನೋಡುತ್ತಿರುವಾಗ ಇನ್ನೊಬ್ಬರು ಮೆಲ್ಲಗೆ ಒಂದೇ ಕ್ಷಣ ಗಾಡಿ ಎಳೆಯಬೇಕು. ಮುಂದಿನದೊಂದು, ಹಿಂದಿನದೊಂದು ಚಕ್ರ ತಿರುಗಿದರೆ ವ್ಯವಸ್ಥೆ ಸರಿಯಿದೆ, ಹಿಡಿತ ಮಾತ್ರ ಇಲ್ಲ. ಒಂದೇ ಅಚ್ಚಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದ್ದರೆ ಅದನ್ನು ಹಾಕುವ ಹೊತ್ತು ಅದೇ. ಹಿಂದಿನ ಚಕ್ರ ಮಾತ್ರ ತಿರುಗುತ್ತಿದ್ದರೆ ಫೋರ್ ವೀಲ್ ಕೂಡಿಕೊಂಡೇ ಇಲ್ಲ. ಹಳೆಯ ಜೀಪುಗಳಲ್ಲಿ ಮುಂದಿನ ಚಕ್ರಗಳ ನಡುವಿನ ಹಬ್ ಅನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಾಗುತ್ತದೆ, ಅದನ್ನು ಮರೆತು ಮೆಕ್ಯಾನಿಕ್ಕಿಗಾಗಿ ಪರದಾಡಿದವರನ್ನು ನೋಡಿದ್ದೇನೆ. ಫೋರ್ ವೀಲ್ ಕೂಡಿಸುವ ಸನ್ನೆ (ಲಿವರ್) ಅರ್ಧಕ್ಕೆ ನಿಂತಿದ್ದರೆ ನ್ಯೂಟ್ರಲ್ಲಿಗೆ ತಂದು, ಮತ್ತೆ ಪೂರ್ತಿ ತಳ್ಳಬೇಕು. ಗುಂಡಿ ಒತ್ತುವ ಗಾಡಿಯಾದರೆ ಫ್ಯೂಸನ್ನೂ, ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಬಳಿಯ ವೈರಿನ ಕನೆಕ್ಟರಿಗೆ ಕೆಸರು ಹೊಕ್ಕಿದೆಯೇ ಎಂಬುದನ್ನೂ ನೋಡಿ.

ಬಳಿಕ ಸಲಿಕೆ. ಮೊದಲು ಗಾಡಿಯ ಹೊಟ್ಟೆಯ ಕೆಳಗಿನ ಮಣ್ಣು ತೆಗೆಯಬೇಕು, ಏಕೆಂದರೆ ಚಾಸಿ (ಗಾಡಿಯ ಅಡಿಚೌಕಟ್ಟು) ನೆಲಕ್ಕೆ ಅಂಟಿರುವವರೆಗೆ ಚಕ್ರದ ಮುಂದೆ ಎಷ್ಟು ಅಗೆದರೂ ವ್ಯರ್ಥ. ಆಮೇಲೆ ಹಿಂದಕ್ಕೆ, ಬಂದ ಜಾಡಿನಲ್ಲೇ ಹೋಗುವಂತೆ ನಾಲ್ಕೂ ಚಕ್ರಗಳ ಹಿಂದೆ ಇಳಿಜಾರಾಗಿ ಅಗೆಯಿರಿ. ಆ ಜಾಡು ನಿಮ್ಮ ಗಾಡಿಯನ್ನು ಒಮ್ಮೆಯಾದರೂ ಹೊತ್ತಿದೆ, ಮುಂದಿನ ನೆಲದ ವಿಚಾರ ಯಾರಿಗೆ ಗೊತ್ತು? ಟಯರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟಯರು ಅಗಲವಾಗಿ ನೆಲ ಹಿಡಿಯುತ್ತದೆ, 15ಕ್ಕಿಂತ ಕೆಳಗೆ ಹೋದರೆ ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಚಕ್ರ ಎತ್ತಬೇಕಾದರೆ ಜಾಕಿನ ಕೆಳಗೆ ಹಲಗೆ ಇಡಲೇಬೇಕು, ಇಲ್ಲದಿದ್ದರೆ ಗಾಡಿಯ ಬದಲು ಜಾಕೇ ಕೆಳಗಿಳಿಯುತ್ತದೆ. ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ಕೈಯನ್ನೂ ಹಾಕಬಾರದು.

ಇನ್ನೊಂದು ಗಾಡಿಯಿಂದ ಎಳೆಯುವಾಗ ಹಗ್ಗವನ್ನು ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೇ ಕಟ್ಟಬೇಕು. ಬಂಪರಿಗೋ ಟ್ರೇಲರ್ ಎಳೆಯುವ ಗುಂಡಿಗೋ (ಟೋ ಬಾಲ್) ಕಟ್ಟಿದರೆ ಅದು ಕಿತ್ತು ಬಂದು ಗಾಜನ್ನು ಸೀಳಿ ಒಳಗಿದ್ದವರನ್ನು ಕೊಲ್ಲಬಲ್ಲದು. ಹಿಗ್ಗದ ಪಟ್ಟಿಯಾದರೆ ಅದನ್ನು ಬಿಗಿಗೊಳಿಸಿಕೊಂಡು ನಿಧಾನವಾಗಿ ಎಳೆಯಬೇಕು, ಅದಕ್ಕೆ ಜಗ್ಗು ಕೊಡಬಾರದು. ಓಟದಿಂದ ಜಗ್ಗುವುದು ಹಿಗ್ಗಲೆಂದೇ ಮಾಡಿದ ನೈಲಾನ್ ಹಗ್ಗಕ್ಕೆ ಮಾತ್ರ ಸರಿ. ಹಗ್ಗದ ನಡುವೆ ಕಂಬಳಿ ಹೊದಿಸಿ, ಉಳಿದವರು ಹಗ್ಗದ ಉದ್ದದ ಒಂದೂವರೆಪಟ್ಟು ದೂರ ನಿಲ್ಲಬೇಕು. ಒಂಟಿ ಗಾಡಿಯಲ್ಲಿ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇದ್ದೂ ಮರವಿಲ್ಲದಿದ್ದರೆ, ರಣ್‌ನಲ್ಲಿ ಮರವೆಲ್ಲಿಯದು, ಸ್ಟೆಪ್ನಿಯನ್ನೇ ಲಂಗರು ಮಾಡಬಹುದು. ಎಳೆಯುವ ದಿಕ್ಕಿಗೆ ಅಡ್ಡವಾಗಿ ಮೂರಡಿ ಆಳದ ಗುಂಡಿ ತೋಡಿ, ಗಾಡಿಯ ಕಡೆಗೆ ಹಗ್ಗ ಬರಲು ಓರೆಯಾದ ಕಾಲುವೆ ಕೊರೆದು, ಚಕ್ರವನ್ನು ನಿಲ್ಲಿಸಿ ಹೂಳಬೇಕು. ಬೆನ್ನು ಮುರಿಯುವ ಕೆಲಸ ಇದು, ಬಿಸಿಲಿಳಿದ ಮೇಲೆ ಮಾಡಿ.

ಹೊರಬಂದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಮೊದಲನೆಯದು ಎಂಜಿನ್ ಕಾಯುವುದು. ರೇಡಿಯೇಟರಿನ ಜಾಲರಿಗೆ ಮೆತ್ತಿದ ಕೆಸರು ಒಣಗಿ ಗೋಡೆಯಾಗುತ್ತದೆ. ಎಂಜಿನ್ ಆರುವವರೆಗೆ ಮುಚ್ಚಳ ತೆಗೆಯದೆ, ನೀರನ್ನು ಎಂಜಿನ್ ಬದಿಯಿಂದ ಹೊರಕ್ಕೆ ಹಾಯಿಸಿ ತೊಳೆಯಬೇಕು. ಮುಂದಿನಿಂದ ಹಾಯಿಸಿದರೆ ಕೆಸರು ಇನ್ನಷ್ಟು ಒಳಗೆ ಸೇರುತ್ತದೆ. ದಾರಿಯಲ್ಲಿ ಕ್ಯಾಬಿನ್ ಹೀಟರನ್ನು ಪೂರ್ತಿ ಹಾಕಿಕೊಂಡರೆ ಒಂದಿಷ್ಟು ಬಿಸಿ ಇಳಿಯುತ್ತದೆ, ಒಳಗಿದ್ದವರು ಬೇಯುತ್ತಾರೆ ಅಷ್ಟೆ. ಡೀಸೆಲ್ ಗಾಡಿ ತೊದಲುತ್ತ ನಿಂತರೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯಬೇಕು, ಫಿಲ್ಟರ್ ಬದಲಿಸಿದರೆ ಕೈಪಂಪು ಒತ್ತಿ ಗಾಳಿ ತೆಗೆಯಬೇಕು.

ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಮುರಿದರೂ ದಾರಿಯಿದೆ. ಎರಡೂ ತುದಿಗೆ ಬೋಲ್ಟಿನ ಫ್ಲ್ಯಾಂಜ್ (ಜೋಡಿಸುವ ಬಿಲ್ಲೆ) ಇರುವ, ಸನ್ನೆಯಿಂದ ಫೋರ್ ವೀಲ್ ಕೂಡಿಸುವ ಗಾಡಿಗಳಲ್ಲಿ ಶಾಫ್ಟನ್ನು ಬಿಚ್ಚಿಟ್ಟು, 4ಎಚ್ ಹಾಕಿ, ಮುಂದಿನ ಚಕ್ರಗಳಿಂದಲೇ ನಿಧಾನವಾಗಿ ಡಾಂಬರು ಮುಟ್ಟಬಹುದು. ಬಿಚ್ಚುವ ಮೊದಲು ಚಕ್ರಗಳಿಗೆ ಅಡ್ಡ ಕೊಡಬೇಕು, ಏಕೆಂದರೆ ಶಾಫ್ಟ್ ಕಳಚಿದ ಕ್ಷಣದಿಂದ ಗೇರಿನಲ್ಲಿದ್ದರೂ ಹಿಂದಿನ ಚಕ್ರಗಳನ್ನು ಅದು ಹಿಡಿಯುವುದಿಲ್ಲ.

ಏನೂ ಆಗದಿದ್ದರೆ ಗಾಡಿಯನ್ನು ಬಿಟ್ಟು ನಡೆಯಬೇಡಿ. ಬಯಲಿನಲ್ಲಿ ಮನುಷ್ಯ ಕಾಣುವುದಕ್ಕಿಂತ ಬಹಳ ಮೊದಲು ಜೀಪು ಕಾಣುತ್ತದೆ, ನೆರಳೂ ಅದೇ. ಬಿಸಿಲುಗುದುರೆಯಿಂದಾಗಿ ಹತ್ತಿರವೆನಿಸುವ ಬೇಟ್ ಗಂಟೆಗಟ್ಟಲೆ ದೂರವಿರಬಹುದು.

ಶಾಫ್ಟ್ ಬಿಚ್ಚಿರದ ಗಾಡಿಯನ್ನು ಡಾಂಬರು ರಸ್ತೆಗೆ ಬಂದೊಡನೆ 2ಎಚ್‌ಗೆ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ) ಇಳಿಸಿ, ಸನ್ನೆ ಬಿಗಿದುಕೊಂಡಿದ್ದರೆ ನಾಲ್ಕು ಮೀಟರ್ ನೇರ ಹಿಂದಕ್ಕೆ ಹೋದರೆ ಬಿಟ್ಟುಕೊಳ್ಳುತ್ತದೆ. ಟಯರಿಗೆ ಗಾಳಿ ತುಂಬಿ. ಪುಣೆಗೆ ಬಂದ ಮೇಲೆ ತೊಳೆಸಿದರಾಯಿತು ಎಂದುಕೊಂಡರೆ ಅಷ್ಟು ಹೊತ್ತಿಗೆ ಉಪ್ಪು ಬ್ರೇಕ್ ಪೈಪು, ಬೋಲ್ಟುಗಳನ್ನು ತಿನ್ನತೊಡಗಿರುತ್ತದೆ, ಆದ್ದರಿಂದ ವಿರಮಗಾಮ್‌ನಲ್ಲೋ ಅಹಮದಾಬಾದಿನಲ್ಲೋ ಸಿಕ್ಕ ಮೊದಲ ವಾಷಿಂಗ್ ಸೆಂಟರಿನಲ್ಲಿ ಗಾಡಿಯನ್ನು ಎತ್ತಿಸಿ ಅಡಿಯಿಂದ ತೊಳೆಸಿ, ಗ್ರೀಸ್ ಹೊಡೆಸಿ. ಡಿಫರೆನ್ಷಿಯಲ್ಲಿನ ಆಯಿಲ್ ತೆಗೆಸಿ ನೋಡಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಬ್ರೀದರಿನಿಂದಲೋ (ಗಾಳಿಯಾಡುವ ಕೊಳವೆ) ಸೀಲಿನಿಂದಲೋ ನೀರು ಹೊಕ್ಕಿದೆ. ಹೊಸ ಆಯಿಲ್ ಹಾಕಿಸದೆ ಹೆದ್ದಾರಿ ಹಿಡಿಯಬೇಡಿ.