ಗ್ನೂಕ್ಯಾಶ್‌ನಲ್ಲಿ ಕಳೆದುಹೋದ ಎನ್‌ಎವಿ ಮತ್ತೆ ತುಂಬಿದ್ದು

ಸಿಂಧನೂರಿನಲ್ಲಿ ಭತ್ತ ಮಾರಿ ಉಳಿದದ್ದನ್ನು ಅಪ್ಪ ಮ್ಯೂಚುವಲ್ ಫಂಡಿಗೆ ಹಾಕುತ್ತಾರೆ. ಲೆಕ್ಕ ನಾನು ಗ್ನೂಕ್ಯಾಶ್ ಎಂಬ ಉಚಿತ ಲೆಕ್ಕಪತ್ರ ತಂತ್ರಾಂಶದಲ್ಲಿ ಇಡುತ್ತೇನೆ. ಕಂಪ್ಯೂಟರ್ ಬದಲಾದ ಮೇಲೆ ಅದರಲ್ಲಿ ಫಂಡಿನ ಹಳೆಯ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಆಯಾ ದಿನದ ಬೆಲೆಗಳೇ ಇರಲಿಲ್ಲ. ಖರೀದಿ, ಯೂನಿಟ್ ಎಲ್ಲ ಸರಿಯಿದ್ದವು, ಯಾಕಂದರೆ ವಹಿವಾಟು ಬೇರೆ, ಬೆಲೆಪಟ್ಟಿ ಬೇರೆ. ಆದರೆ 2019ರಲ್ಲಿ ಹೂಡಿಕೆಯ ಮೌಲ್ಯ ಎಷ್ಟಿತ್ತೆಂದು ತಿಳಿಯುವಂತಿರಲಿಲ್ಲ.

ಮೊದಲು ಬ್ಯಾಕಪ್ ನೋಡಿ. ಹೆಸರಿಗೆ ದಿನಾಂಕ, ಸಮಯ ಸೇರಿದ ಹಳೆಯ ಪ್ರತಿಗಳು ಅದೇ ಫೋಲ್ಡರಿನಲ್ಲಿರುತ್ತವೆ. ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಮಾತ್ರ. ನಮ್ಮವು ಅಳಿದಿದ್ದವು.

ಕೈಹಿಡಿದದ್ದು ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣ. ಫಂಡುಗಳ ಹಳೆಯ ಎನ್‌ಎವಿ ಅಲ್ಲಿ ಪುಕ್ಕಟೆ ಸಿಗುತ್ತದೆ, ನಿಜಕ್ಕೂ ದೊಡ್ಡ ಉಪಕಾರ. ಲಿಬ್ರೆ ಆಫೀಸ್‌ನಲ್ಲಿ ತೆರೆದು ದಿನಾಂಕ, ಬೆಲೆ, ಫಂಡಿನ ಸಂಕೇತ, ನೇಮ್‌ಸ್ಪೇಸ್ (ಗ್ನೂಕ್ಯಾಶ್‌ನಲ್ಲಿ ಆ ಫಂಡು ಸೇರಿದ ಗುಂಪಿನ ಹೆಸರು), ಕರೆನ್ಸಿ ಇಷ್ಟೇ ಕಾಲಂ ಇಟ್ಟು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಮಾಡಿದೆ. ತೊಡಕು ಬಂದದ್ದು ದಿನಾಂಕದಲ್ಲಿ: ಆಂಫಿ ತಿಂಗಳನ್ನು ಅಕ್ಷರದಲ್ಲಿ ಕೊಡುತ್ತದೆ, ಗ್ನೂಕ್ಯಾಶ್‌ಗೆ ಅಂಕಿಯೇ ಬೇಕು. 2019-04-01 ರೂಪಕ್ಕೆ ತಂದ ಮೇಲೆ, ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ಸಿಎಸ್‌ವಿಯಿಂದ ಬೆಲೆ ತರುವ ಆಯ್ಕೆ ತಕರಾರಿಲ್ಲದೆ ಓದಿತು. ಸಂಕೇತ, ನೇಮ್‌ಸ್ಪೇಸ್ ಎರಡೂ ಮಾತ್ರ ಗ್ನೂಕ್ಯಾಶ್‌ನಲ್ಲಿ ನೀವು ಮೊದಲೇ ಕೊಟ್ಟದ್ದೇ ಆಗಿರಬೇಕು.

ದಿನದಿನದ್ದು ಬೇಡ, ತಿಂಗಳ ಕೊನೆಯ ಎನ್‌ಎವಿ ಸಾಕು. ಒಂದೇ ಫಂಡಿನಲ್ಲಿ ಡೈರೆಕ್ಟ್ (ಕಂಪನಿಯಿಂದ ನೇರವಾಗಿ ಕೊಂಡದ್ದು), ರೆಗ್ಯುಲರ್ (ಏಜೆಂಟರ ಮೂಲಕ ಕೊಂಡದ್ದು) ಎರಡರ ಎನ್‌ಎವಿ ಬೇರೆಬೇರೆ. ನಿಮ್ಮದು ಯಾವುದೆಂದು ಸ್ಟೇಟ್‌ಮೆಂಟ್ ನೋಡಿಯೇ ಇಳಿಸಿಕೊಳ್ಳಿ.