ಹಾರ್ಮೋನ್ ವರದಿ: ಅಂಕಿಗಿಂತ ಮೊದಲು ದಿನ ನೋಡಿ

ಮಗುವಾಗುವುದು ತಡವಾದಾಗ, ಮುಟ್ಟು ಏರುಪೇರಾದಾಗ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಎಫ್‌ಎಸ್‌ಎಚ್ (ಅಂಡ ಬೆಳೆಸುವ ಹಾರ್ಮೋನ್), ಎಲ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್), ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಸಾಮಾನ್ಯವಾಗಿ ಇರುತ್ತವೆ. ಮೂರೂ ಮೆದುಳಿನ ಬುಡದಲ್ಲಿರುವ, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯಲ್ಲಿ ತಯಾರಾಗುತ್ತವೆ. ವರದಿಯಲ್ಲಿ ದಪ್ಪಕ್ಷರದ ಅಂಕಿ ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಗಾಬರಿಯಾಗುವ ಮೊದಲು ರಕ್ತ ಕೊಟ್ಟದ್ದು ಯಾವಾಗ ಎಂದು ನೋಡಿ.

ಸ್ರಾವ ಶುರುವಾದದ್ದೇ ಮೊದಲ ದಿನ. ಎಫ್‌ಎಸ್‌ಎಚ್ ಮತ್ತು ಅಂಡಾಶಯ ತಯಾರಿಸುವ ಹಾರ್ಮೋನ್ ಈಸ್ಟ್ರಡಯಾಲ್‌ಗಳನ್ನು ಸಾಮಾನ್ಯವಾಗಿ 2ರಿಂದ 4ನೇ ದಿನದೊಳಗೆ ಅಳೆಯುತ್ತಾರೆ. ಎಲ್‌ಎಚ್ ಋತುಚಕ್ರದ ನಡುವೆ ದಿಢೀರನೆ ಏರುತ್ತದೆ. ಏರಿಕೆ ಶುರುವಾದ ಸುಮಾರು 36 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ಅಂದು ರಕ್ತ ಕೊಟ್ಟವರಿಗೆ ಎಲ್‌ಎಚ್ ಹೆಚ್ಚು ಬಂದರೆ ಅದು ರೋಗವಲ್ಲ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ತಗ್ಗಿರುತ್ತವೆ. ಆಗಿನ ಅಂಕಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ.

ಆಮೇಲೆ ಅಂಕಿಗಳನ್ನು ಜೋಡಿಯಾಗಿ ಓದಿ. ಇಡೀ ವರದಿಯ ಜೀವಾಳ ಇಲ್ಲಿದೆ. ಪಿಟ್ಯುಟರಿ ಎಫ್‌ಎಸ್‌ಎಚ್ ಮೂಲಕ ಕೂಗುತ್ತದೆ, ಅಂಡಾಶಯ ಈಸ್ಟ್ರಡಯಾಲ್ ಮೂಲಕ ಓಗೊಡುತ್ತದೆ. ಓಗೊಟ್ಟರೆ ಪಿಟ್ಯುಟರಿ ದನಿ ತಗ್ಗಿಸುತ್ತದೆ, ಇಲ್ಲವಾದರೆ ಇನ್ನೂ ಜೋರಾಗಿ ಕೂಗುತ್ತದೆ. ಹಾಗಾಗಿ ಈಸ್ಟ್ರಡಯಾಲ್ ಕಡಿಮೆಯಿದ್ದು ಎಫ್‌ಎಸ್‌ಎಚ್ ಏರಿದ್ದರೆ ಅಂಡಾಶಯ ಸೋತಿದೆಯೇ ಎಂದು ನೋಡಬೇಕು. ಮುಟ್ಟು ನಿಂತು, ಎರಡೂ ಕಡಿಮೆಯಿದ್ದರೆ ಅನುಮಾನ ಪಿಟ್ಯುಟರಿಯ ಮೇಲೆ, ಇಲ್ಲವೇ ಅದನ್ನು ನಡೆಸುವ ಮೆದುಳಿನ ಭಾಗವಾದ ಹೈಪೋಥಲಮಸ್ ಮೇಲೆ. ಹೊಟ್ಟೆಗೆ ಸಾಲದ ಊಟ, ಮಿತಿಮೀರಿದ ವ್ಯಾಯಾಮ ಕೂಡ ಹೈಪೋಥಲಮಸ್‌ನ ಸಂಕೇತವನ್ನು ಕುಗ್ಗಿಸುತ್ತವೆ. ಇನ್ನೊಂದು ಸೂಕ್ಷ್ಮವಿದೆ: 3ನೇ ದಿನವೇ ಈಸ್ಟ್ರಡಯಾಲ್ ಹೆಚ್ಚಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ಅದುಮಿಟ್ಟು, ಅಂಕಿ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸಬಹುದು.

ಗಂಡಸರ ಟೆಸ್ಟೋಸ್ಟಿರೋನ್ ಪರೀಕ್ಷೆಗೆ ಬೆಳಗಿನ ಹೊತ್ತೇ ಸರಿ. ಮೈಕಟ್ಟಿಗೆಂದು ಟೆಸ್ಟೋಸ್ಟಿರೋನ್ ಚುಚ್ಚುಮದ್ದು ಪಡೆಯುವ ಯುವಕರು ದಯವಿಟ್ಟು ಇದನ್ನು ಗಮನಿಸಿ: ಹೊರಗಿನಿಂದ ಹಾರ್ಮೋನ್ ಬಂದಾಗ ಪಿಟ್ಯುಟರಿಯು ಎಲ್‌ಎಚ್, ಎಫ್‌ಎಸ್‌ಎಚ್‌ಗಳನ್ನು ಇಳಿಸುತ್ತದೆ, ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲುತ್ತದೆ. ಇದನ್ನು ಮೊದಲೇ ಹೇಳದೆ ಚುಚ್ಚುವುದು ಅನ್ಯಾಯ.

ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಮುಟ್ಟು ನಿಲ್ಲಬಹುದು. ಆದರೆ ಸೂಜಿಯ ಭಯ, ಆಗಷ್ಟೇ ಮುಗಿದ ನಿದ್ದೆ, ವಾಂತಿ ತಡೆಯುವ ಡೊಂಪೆರಿಡೋನ್, ಕೆಲವು ಮನೋರೋಗದ ಔಷಧಿಗಳು ಕೂಡ ಅದನ್ನು ಏರಿಸುತ್ತವೆ. ತುಸು ಏರಿದ್ದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದೇ ರೂಢಿ. ಥೈರಾಯ್ಡ್ ಕುಗ್ಗಿದರೂ ಪ್ರೊಲ್ಯಾಕ್ಟಿನ್ ಏರಬಹುದು, ಅದನ್ನೂ ನೋಡಿಸಿ.

ವೈದ್ಯರ ಬಳಿ ಹೋಗುವಾಗ ಮುಟ್ಟಿನ ದಿನ, ರಕ್ತ ಕೊಟ್ಟ ಹೊತ್ತು, ನುಂಗುವ ಮಾತ್ರೆಗಳ ಹೆಸರನ್ನು ವರದಿಯ ಮೇಲೆಯೇ ಬರೆದುಕೊಳ್ಳಿ. ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಎಂಬ ವಿಟಮಿನ್ ಅನ್ನೂ ಬರೆಯಲು ಮರೆಯಬೇಡಿ. ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಅದು ಅಂಕಿಯನ್ನೇ ಕೆಡಿಸುತ್ತದೆ.