ಬೆಕ್ಕಿರುವ ಮನೆಯಲ್ಲಿ ಕೋಳಿ ಸಾಕುವುದು ಹೇಗೆ?

ಬೆಕ್ಕಿರುವ ಮನೆಯ ಹಿತ್ತಲಿನಲ್ಲಿ ಕೋಳಿ ಸಾಕಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ದೊಡ್ಡ ಕೋಳಿಯನ್ನು ಧಾರಾಳವಾಗಿ ಸಾಕಬಹುದು, ಮರಿಗಳನ್ನು ಮಾತ್ರ ಜಾಲರಿಯ ಹಿಂದೆ ಸಾಕಬೇಕು. ನಮ್ಮ ಬೀದಿಯಲ್ಲೇ ಮೂರು ಮನೆಯವರು ಇದನ್ನು ತಲೆಕೆಳಗು ಮಾಡಿದ್ದನ್ನು ಕಂಡಿದ್ದೇನೆ. ಅವರಲ್ಲೊಬ್ಬರು, ಬೆಕ್ಕು ಮುಟ್ಟೀತೆಂದು ಹೇಂಟೆಗಳನ್ನು ದಿನವಿಡೀ ಗೂಡಿನಲ್ಲಿ ಕೂಡಿಹಾಕಿದ್ದರು. ಸಂತೆಯಿಂದ ತಂದ ಹತ್ತು ಮರಿಗಳನ್ನು ಮಾತ್ರ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಅಡುಗೆಮನೆಯ ಮೂಲೆಯಲ್ಲಿಟ್ಟು ಮಲಗಿದ್ದರು. ಬೆಳಗ್ಗೆ ಪೆಟ್ಟಿಗೆಯಲ್ಲಿ ಉಳಿದಿದ್ದವು ನಾಲ್ಕು.

ಕಾರಣ ತೂಕದಲ್ಲಿದೆ. ಮನೆಯ ಬೆಕ್ಕು ಮೂರು, ನಾಲ್ಕು ಕಿಲೋ ತೂಗುತ್ತದೆ. ಅದು ಹುಟ್ಟಿನಿಂದ ಬೇಟೆಯಾಡುವುದು ಇಲಿ, ಹಲ್ಲಿ, ಗುಬ್ಬಿಯಂಥ ಸಣ್ಣ ಜೀವಿಗಳನ್ನು. ಒಂದೂವರೆ ಕಿಲೋದ ನಾಟಿ ಹೇಂಟೆ ರೆಕ್ಕೆ ಕೆದರಿ ನಿಂತರೆ ಬಹುಪಾಲು ಬೆಕ್ಕುಗಳು ದಾರಿ ಬಿಡುತ್ತವೆ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ಬಲಿತ ಹುಂಜವಂತೂ ಬೆಕ್ಕಿನಷ್ಟೇ ತೂಗುತ್ತದೆ. ಆದರೆ ಒಂದು ದಿನದ ಮರಿಯ ತೂಕ 35ರಿಂದ 40 ಗ್ರಾಂ. ಗಾತ್ರ, ಓಟ, ಚಿಂವ್‌ಗುಟ್ಟುವ ದನಿ, ಯಾವುದರಲ್ಲಿ ನೋಡಿದರೂ ಬೆಕ್ಕಿನ ಪಾಲಿಗೆ ಅದು ಇಲಿಯೇ.

ಹಂತ 1: ಬೆಕ್ಕನ್ನು ಅಣಿಗೊಳಿಸಿ

ಐದಾರು ತಿಂಗಳು ತುಂಬಿದ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಜಂತುಹುಳದ ಔಷಧ ಹಾಕಿಸಿ, ಹೊತ್ತುಹೊತ್ತಿಗೆ ಊಟ ಕೊಡಿ. ಹೊಸದಾಗಿ ಬೆಕ್ಕು ತರುವವರಾದರೆ ಎಳೆಯ ಮರಿಯನ್ನೇ ತನ್ನಿ. ಹುಟ್ಟಿದ ಎರಡನೆಯ ವಾರದಿಂದ ಏಳೆಂಟನೆಯ ವಾರದೊಳಗೆ ಕೋಳಿಗಳನ್ನು ಕಂಡು ಬೆಳೆದ ಬೆಕ್ಕು ಅವುಗಳನ್ನು ಮನೆಯ ಭಾಗವೆಂದೇ ತಿಳಿಯುತ್ತದೆ.

ಕೊರಳಿಗೆ ಗೆಜ್ಜೆ ಕಟ್ಟಿದರೆ ಸಾಕೆಂದು ನಂಬಿರುವವರು ಬಹಳ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೇಟೆಯಾಡುವ ಸಾಕುಬೆಕ್ಕುಗಳನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಯಿಂದ ಗುರುತಿಸಬಹುದಾದ ಪರಿಣಾಮವೇನೂ ಕಾಣಲಿಲ್ಲ. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ಹೊತ್ತು ತರುವ ಬೇಟೆ ಶೇ 36ರಷ್ಟು, ದಿನವೂ ಐದರಿಂದ ಹತ್ತು ನಿಮಿಷ ಆಟವಾಡಿಸಿದಾಗ ಶೇ 25ರಷ್ಟು ಕಡಿಮೆಯಾಯಿತು. ಬರೀ ಹಾಲು, ಅನ್ನ ಹಾಕಿ ಬೆಕ್ಕು ಸಾಧುವಾಗಲೆಂದು ಬಯಸುವುದು ವ್ಯರ್ಥ. ಮೀನಿನ ತಲೆಯನ್ನೋ ಮೊಟ್ಟೆಯನ್ನೋ ಬೇಯಿಸಿ ಕೊಡಿ. ಹಾಗೆಂದು ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡುವುದಿಲ್ಲವೆಂದಲ್ಲ. ಅದಕ್ಕೆ ಹಸಿವು ಬೇರೆ, ಬೇಟೆ ಬೇರೆ.

ಹಂತ 2: ಮರಿಗಳ ಮನೆ

ಎಲ್ಲರೂ ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಕೋಳಿಗೆ ಜಾಲರಿ ಬೇಕೆಂದರೆ ಆರು ಮೂಲೆಯ ಕಣ್ಣುಗಳಿರುವ ತೆಳುತಂತಿಯ ‘ಚಿಕನ್ ಮೆಷ್’ ಸುರುಳಿಯನ್ನು ಕೊಡುತ್ತಾರೆ. ಹೆಸರಿನಲ್ಲಿ ಕೋಳಿ ಇರುವುದರಿಂದ ಯಾರೂ ಅನುಮಾನಿಸುವುದಿಲ್ಲ. ಗಾರೆಯವರು ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ಪ್ಲಾಸ್ಟರಿಗೆ ಮುನ್ನ ಬಡಿಯುವುದೂ ಇದನ್ನೇ, ಮತ್ತು ಅದಕ್ಕೇ ಇದು ಸರಿ. ಇದರ ಒಂದಿಂಚಿನ ಕಣ್ಣಿನೊಳಗೆ ಬೆಕ್ಕಿನ ಮುಂಗಾಲು ಸಲೀಸಾಗಿ ಹೋಗುತ್ತದೆ. ಮರಿಗಳಿಗೆ ರಾತ್ರಿ ಜಾಲರಿಗೆ ಒರಗಿ ಗುಂಪಾಗಿ ಮಲಗುವ ಅಭ್ಯಾಸವಿರುವುದರಿಂದ, ಹೊರಗೆ ಕೂತ ಬೆಕ್ಕು ಉಗುರಿನಿಂದ ಒಂದರ ಕಾಲನ್ನೋ ರೆಕ್ಕೆಯನ್ನೋ ಸೆಳೆದುಕೊಳ್ಳುತ್ತದೆ. ಮರಿ ಒಳಗೇ ಇರುತ್ತದೆ, ಕಾಲು ಇರುವುದಿಲ್ಲ.

ನೀವು ಕೊಳ್ಳಬೇಕಾದದ್ದು ಅರ್ಧ ಇಂಚಿನ ಚೌಕಕಣ್ಣಿನ ವೆಲ್ಡ್ ಮೆಷ್. ಬೆಲೆ ಹೆಚ್ಚೆಂದು ಹಿಂಜರಿಯುವವರು ಕೊನೆಯ ಪಕ್ಷ ಕೆಳಗಿನ ಎರಡು ಅಡಿಯಷ್ಟಕ್ಕಾದರೂ ಇದನ್ನು ಹಾಕಿ, ಮೇಲಿನ ಭಾಗಕ್ಕೆ ಅಗ್ಗದ್ದನ್ನು ಬಳಸಬಹುದು. ಕೆಳಗಿನ ಒಂದಡಿ ಎತ್ತರಕ್ಕೆ, ಒಳಬದಿಯಲ್ಲಿ ನಾಲ್ಕು ಬೆರಳು ಅಂತರ ಬಿಟ್ಟು ಎರಡನೆಯ ಪದರ ಕಟ್ಟಿದರೆ, ಒರಗಿ ಮಲಗಿದ ಮರಿ ಉಗುರಿಗೆ ಎಟುಕುವುದಿಲ್ಲ. ಜಾಲರಿಯ ಅಂಚನ್ನು ಒಂದಡಿ ನೆಲದೊಳಗೆ ಇಳಿಸಿ. ಇದು ಬೆಕ್ಕಿಗಾಗಿ ಅಲ್ಲ, ಹೆಗ್ಗಣ ಮತ್ತು ಮುಂಗುಸಿಗಾಗಿ. ಅವು ಮಾಡಿದ ಎಷ್ಟೋ ಅನಾಹುತಗಳನ್ನು ಮನೆಯ ಬೆಕ್ಕಿನ ತಲೆಗೆ ಕಟ್ಟುವುದುಂಟು. ಮೇಲೆ ಮುಚ್ಚಳವಿಲ್ಲದ ಗೂಡು ಗೂಡೇ ಅಲ್ಲ, ಏಕೆಂದರೆ ಐದಡಿ ಬೇಲಿ ಬೆಕ್ಕಿಗೆ ಒಂದೇ ಜಿಗಿತ. ಬಾಗಿಲಿಗೆ ದಾರ ಕಟ್ಟಬೇಡಿ, ಚಿಲಕ ಹಾಕಿ.

ಬಲ್ಬಿನ ಕಾವಿನಲ್ಲಿ ಮರಿ ಸಾಕುವವರಿಗೆ ಇನ್ನೊಂದು ಎಚ್ಚರಿಕೆ. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಮಳೆಗಾಲದ ರಾತ್ರಿ ಇಂಥ ಬೆಚ್ಚನೆಯ ಪೆಟ್ಟಿಗೆ ಸಿಕ್ಕರೆ ಬೆಕ್ಕು ಅದರ ಮೇಲೆಯೇ ಮಲಗುತ್ತದೆ. ಬೇಟೆಯ ಉದ್ದೇಶವಿಲ್ಲದಿದ್ದರೂ ರಟ್ಟಿನ ಮುಚ್ಚಳ ಅದರ ಭಾರಕ್ಕೆ ಕುಸಿಯುತ್ತದೆ; ಬಲ್ಬು ಭತ್ತದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯ ಭಯವೂ ಇದೆ. ಆದ್ದರಿಂದ ಮರದ ಚೌಕಟ್ಟಿಗೆ ಜಾಲರಿ ಬಡಿದ ಮುಚ್ಚಳವೇ ಆಗಬೇಕು, ಬಲ್ಬನ್ನು ಸರಪಳಿಯಿಂದ ತೂಗುಹಾಕಬೇಕು.

ಹಂತ 3: ಪರಿಚಯ

ಎರಡು ವಾರ ಜಾಲರಿ ನಡುವೆ ಇರಲಿ. ದಿನವೂ ಬೆಕ್ಕಿಗೆ ಊಟ ಹಾಕಿದ ಮೇಲೆ ಗೂಡಿನ ಬಳಿ ನೀವೂ ಕುಳಿತು ಅದರ ಮೈಯನ್ನು ಗಮನಿಸಿ. ಒಮ್ಮೆ ಮೂಸಿ, ತಿರುಗಿ ಮೈ ನೆಕ್ಕಿಕೊಳ್ಳತೊಡಗಿದರೆ ಕೆಲಸ ಅರ್ಧ ಮುಗಿದಂತೆ. ನೆಲಕ್ಕೆ ಹೊಟ್ಟೆ ತಾಗಿಸಿ ಕೂತು, ಕಣ್ಣಪಾಪೆ ಅಗಲಿಸಿ, ಬಾಲದ ತುದಿಯನ್ನಷ್ಟೇ ಅಲುಗಿಸುತ್ತ, ಹಿಂಭಾಗವನ್ನು ಎಡಬಲಕ್ಕೆ ಸಣ್ಣಗೆ ತೂಗುತ್ತಿದ್ದರೆ ಅದು ಜಿಗಿತದ ಲೆಕ್ಕ ಹಾಕುತ್ತಿದೆ. ಕೂಡಲೇ ಎತ್ತಿಕೊಂಡು ಒಳಗೆ ಹೋಗಿ. ಹೊಡೆಯಬೇಡಿ. ಹೊಡೆತ ತಿಂದ ಬೆಕ್ಕು ಕೋಳಿಯನ್ನು ಬಿಡುವುದನ್ನು ಕಲಿಯುವುದಿಲ್ಲ, ನೀವಿಲ್ಲದ ಹೊತ್ತನ್ನು ಕಾಯುವುದನ್ನು ಕಲಿಯುತ್ತದೆ.

ಜಾಲರಿ ತೆಗೆದು ಬಿಡುವುದು ಬಲಿತ ಕೋಳಿಗಳ ನಡುವೆ ಮಾತ್ರ, ಅವು ನೆಲ ಕೆದರುತ್ತ ಮೇಯುತ್ತಿರುವಾಗ. ಬೆಕ್ಕನ್ನು ತೋಳಿನಲ್ಲಿ ಹಿಡಿದು ಹೇಂಟೆಯ ಮುಖಕ್ಕೆ ತೋರಿಸುವವರಿದ್ದಾರೆ. ಬೆಕ್ಕು ಗಾಬರಿಯಾಗಿ ನಿಮ್ಮನ್ನು ಪರಚುತ್ತದೆ, ಕೋಳಿ ಕಿರುಚಿ ಓಡುತ್ತದೆ, ಓಡುವುದನ್ನು ಅಟ್ಟುವುದು ಬೆಕ್ಕಿನ ಗುಣ. ಬಾಗಿಲಲ್ಲಿ ಬಿಟ್ಟು ಸುಮ್ಮನಿರಿ. ಸಾಮಾನ್ಯವಾಗಿ ಮೂಗಿಗೆ ಒಂದು ಕುಕ್ಕು ಬಿದ್ದರೆ ಪಾಠ ಮುಗಿಯುತ್ತದೆ.

ಬೆಳೆಯುವ ಮರಿಗಳನ್ನು ತೂಕ ಮುಕ್ಕಾಲು ಕಿಲೋ ದಾಟುವವರೆಗೆ ಬೆಕ್ಕಿರುವ ಹಿತ್ತಲಿಗೆ ಬಿಡಬಾರದೆಂಬುದು ನನ್ನ ನಿಯಮ. ಗಿರಿರಾಜ ಎರಡು ತಿಂಗಳಲ್ಲಿ ಅಲ್ಲಿಗೆ ಮುಟ್ಟುತ್ತದೆ, ನಾಟಿಗೆ ಮೂರು, ನಾಲ್ಕು ತಿಂಗಳು ಬೇಕು. ತಾಯಿಕೋಳಿಯೇ ಕಾಯುತ್ತದೆ ಎನ್ನುವ ಮಾತೂ ಅರ್ಧ ನಿಜ. ಎದುರಿಗೆ ಬಂದ ಬೆಕ್ಕನ್ನು ಅದು ಅಟ್ಟಿಬಿಡುತ್ತದೆ. ಹಿಂದೆ ಉಳಿದ ಒಂದು ಮರಿಯನ್ನು ಹುಲ್ಲಿನ ಮರೆಯಿಂದ ಬಂದ ಬೆಕ್ಕು ಒಯ್ದರೆ ಅದಕ್ಕೆ ತಿಳಿಯುವುದೇ ಇಲ್ಲ. ನೀವು ಹತ್ತಿರವಿಲ್ಲದಾಗ ತಾಯಿ, ಮರಿಗಳೆರಡನ್ನೂ ಭಾರ ಹೇರಿದ ಮಂಕರಿಯಡಿ ಮುಚ್ಚಿ. ಇದಕ್ಕೆ ತಿರುಗುಮುರುಗಾದ ಅಪಾಯವೂ ಇದೆ: ಹೊಳೆಯುವುದನ್ನೆಲ್ಲ ಕುಕ್ಕುವ ಕೋಳಿಗಳಿಂದ ಪುಟ್ಟ ಬೆಕ್ಕಿನಮರಿಯ ಕಣ್ಣು ಹೋಗಬಹುದು.

ಹಂತ 4: ರೋಗ ಮತ್ತು ಔಷಧ

ಕೋಳಿಗಳು ದೂಳುಸ್ನಾನ ಮಾಡುವ ಸಡಿಲ ಮಣ್ಣು ಬೆಕ್ಕಿಗೆ ಶೌಚಕ್ಕೂ ಪ್ರಿಯ. ತೊಂದರೆ ವಾಸನೆಯದಲ್ಲ. ಮೊದಲ ಬಾರಿ ಟೊಕ್ಸೊಪ್ಲಾಸ್ಮಾ ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಒಂದೆರಡು ವಾರ ಆ ಪರಾವಲಂಬಿಯ ಕೋಶಗಳು ಹೊರಬೀಳುತ್ತವೆ, ಒಂದರಿಂದ ಐದು ದಿನಗಳಲ್ಲಿ ಸೋಂಕು ಹರಡುವಷ್ಟು ಬಲಿಯುತ್ತವೆ, ಮಣ್ಣು ಕುಕ್ಕುವ ಕೋಳಿಯ ಮಾಂಸ ಸೇರುತ್ತವೆ. ಮನೆಯಲ್ಲಿ ಕೋಳಿ ಕೊಯ್ದಾಗ ಹಸಿ ಕರುಳನ್ನು ಬೆಕ್ಕಿಗೆ ಎಸೆದರೆ ಚಕ್ರ ಪೂರ್ತಿಯಾಗುತ್ತದೆ. ಬೆಕ್ಕಿಗೆ ಬೇರೆ ಮರಳಿನ ತಟ್ಟೆ ಇಟ್ಟು ದಿನವೂ ತೆಗೆಯಿರಿ, ಗರ್ಭಿಣಿಯರು ಆ ಕೆಲಸ ಮಾಡುವುದು ಬೇಡ; ದೂಳಿನ ಗುಂಡಿಗೆ ರಾತ್ರಿ ಹಲಗೆ ಮುಚ್ಚಿ; ಕೋಳಿಯ ಯಾವ ಭಾಗವನ್ನೂ ಬೇಯಿಸದೆ ಬೆಕ್ಕಿಗೆ ಕೊಡಬೇಡಿ. ಹಕ್ಕಿಜ್ವರದ ವಿಷಯದಲ್ಲೂ ಇದೇ ಮಾತು: 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲೇ ಎಚ್5ಎನ್1 ಪತ್ತೆಯಾಗಿತ್ತು. ಸತ್ತು ಬಿದ್ದ ಕೋಳಿ ಬೆಕ್ಕಿನ ಬಾಯಿಗೆ ಹೋಗದಿರಲಿ.

ಕೋಳಿಯ ಕಣ್ಣು, ಜುಟ್ಟಿನ ಸುತ್ತ ಕರಿಎಳ್ಳು ಅಂಟಿಸಿದಂತೆ ಕಂಡರೆ ಅದು ಕಚ್ಚಿಕೊಂಡೇ ಇರುವ ಒಂದು ಜಾತಿಯ ಚಿಗಟ. ಬೆಕ್ಕಿನ ಕಿವಿಯಂಚಿಗೂ ಅದು ಹತ್ತುತ್ತದೆ. ಔಷಧದ ಅಂಗಡಿಯಲ್ಲಿ ಗೂಡಿಗೆ ಸಿಂಪಡಿಸಲು ದನದ ಉಣ್ಣೆಯ ಔಷಧವನ್ನು ಕೊಡುವುದುಂಟು. ಲೇಬಲ್ಲಿನಲ್ಲಿ ಪರ್ಮೆಥ್ರಿನ್ ಅಥವಾ ಸೈಪರ್ಮೆಥ್ರಿನ್ ಎಂದಿದ್ದರೆ ಬೆಕ್ಕಿರುವ ಮನೆಗೆ ತರಲೇಬೇಡಿ. ಬೆಕ್ಕಿನ ಯಕೃತ್ತು ಇದನ್ನು ಸರಿಯಾಗಿ ವಿಘಟಿಸಲಾರದು. ಒದ್ದೆ ಗೂಡಿಗೆ ಮೈ ಉಜ್ಜಿ ನೆಕ್ಕಿಕೊಂಡ ಬೆಕ್ಕಿಗೆ ನಡುಕ, ಸೆಳವು ಬಂದು ಜೀವವೇ ಹೋಗಬಹುದು. ಇಲಿಪಾಷಾಣವೂ ಬೇಡ, ವಿಷ ತಿಂದ ಇಲಿಯನ್ನು ಹಿಡಿಯುವುದು ನಿಮ್ಮ ಬೆಕ್ಕೇ.

ಇಷ್ಟಾಗಿಯೂ ಬೆಕ್ಕಿನ ಬಾಯಿಂದ ಕೋಳಿಯೊಂದನ್ನು ಬಿಡಿಸಬೇಕಾಗಿ ಬಂದರೆ, ರಕ್ತ ಕಾಣಲಿಲ್ಲವೆಂದು ಬಿಟ್ಟುಬಿಡಬೇಡಿ. ರೆಕ್ಕೆಯಡಿಯ ಗರಿಗಳನ್ನು ಊದಿ ಬಿಡಿಸಿ ನೋಡಿದರೆ ಸೂಜಿ ಚುಚ್ಚಿದಷ್ಟೇ ಸಣ್ಣ ರಂಧ್ರಗಳು ಕಾಣಬಹುದು. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಅಲ್ಲಿಂದ ರಕ್ತ ಸೇರಿದರೆ ಒಂದೆರಡು ದಿನಗಳಲ್ಲೇ ಹಕ್ಕಿ ಸಾಯಬಹುದು. ಅರಿಸಿನ ಮೆತ್ತಿದರೆ ಸಾಲದು; ಉಪ್ಪುನೀರಿನಿಂದ ತೊಳೆದು ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಆ್ಯಂಟಿಬಯೋಟಿಕ್ ಕೊಡಿಸಿ. ಗಾಯ ಮಾಯುವವರೆಗೆ ಅದನ್ನು ಬೇರೆ ಮಂಕರಿಯಲ್ಲಿಡಿ, ರಕ್ತ ಕಂಡ ಉಳಿದ ಕೋಳಿಗಳು ಅದೇ ಜಾಗವನ್ನು ಕುಕ್ಕುತ್ತವೆ.